ಕಾಯ್ದಿಟ್ಟ ಹುಲ್ಲು

‘ಕಾ’ ಎಂಬ ಧಾತುವಿಗೆ ರಕ್ಷಿಸು ಎಂದರ್ಥ. ದನಗಳಿಗೆಂದು ಕಾಯ್ದಿಟ್ಟ ಹುಲ್ಲುಬಯಲೇ ಕಾವಲು. 17ನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ಯ ದನಗಳಿಗೆ ಇಂಥ ಕಾವಲುಗಳನ್ನು ಬಿಡಿಸಿದರು. ಟಿಪ್ಪು ಸುಲ್ತಾನನು ಆ ಇಲಾಖೆಯನ್ನು ‘ಅಮೃತಮಹಲ್’ ಎಂದು ಕರೆದನು.

ಅಲ್ಲಿನ ಕಟ್ಟಳೆಯನ್ನು ನೋಡಿರಿ. ಬೇಸಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳು. ಕೆರೆಯಂಗಳದ ಹುಲ್ಲೂ ಮರದ ನೆರಳೂ ಉಳ್ಳವು ಬೇಸಗೆಯವು. ಮುಂಗಾರು ಬಿದ್ದ ಮೇಲೆ ಮುಂದಿನ ಬೇಸಗೆಯವರೆಗೂ ಅವುಗಳಿಗೆ ದನ ಬಿಡುತ್ತಿರಲಿಲ್ಲ. ಹುಲ್ಲು ಚಿಗುರಿ ಬೀಜ ಕಟ್ಟಲು ಹೀಗೆ ಬಿಡುವು ದೊರೆಯುತ್ತಿತ್ತು.

1860ರಲ್ಲಿ ಸರ್ಕಾರವು ಖರ್ಚು ಉಳಿಸಲು ಮಂದೆಯನ್ನೇ ಮಾರಿತು. 1866ರಲ್ಲಿ ಮತ್ತೆ ಕೂಡಿಸಬೇಕಾಯಿತು. ಮಂದೆಯನ್ನು ಮರಳಿ ಕಟ್ಟಬಹುದು. ಈ ಶತಮಾನದಲ್ಲಿ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ರಕ್ಷಣಾ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಆ ನೆಲವನ್ನು ಮರಳಿ ತರುವುದೆಲ್ಲಿಂದ? ಉಳಿದ ಕಾವಲನ್ನಾದರೂ ಹೆಸರಿಗೆ ತಕ್ಕಂತೆ ಕಾಯೋಣ.