ಬೇಸ್‌ಬಾಲ್ ದಾಖಲೆಗಳು: ಕೀರ್ತಿ, ಅಪಕೀರ್ತಿ ಮತ್ತು ಸಂಶಯ

ಅಂಕಿಸಂಖ್ಯೆಗಳನ್ನು ಕ್ರಿಕೆಟ್ಟಿನಷ್ಟೇ ಶ್ರದ್ಧೆಯಿಂದ ಕಾಪಿಟ್ಟುಕೊಂಡು ಬಂದ ಆಟ ಅಮೆರಿಕದ ಬೇಸ್‌ಬಾಲ್. 1876ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಲೀಗ್ ಹಾಗೂ 1901ರಿಂದ ಅದಕ್ಕೆ ಸಮನಾಗಿ ನಿಂತ ಅಮೆರಿಕನ್ ಲೀಗ್ ಸೇರಿ ಮೇಜರ್ ಲೀಗ್ ಎನಿಸಿಕೊಳ್ಳುತ್ತವೆ. ಈ ವೃತ್ತಿಪರ ಆಟಗಾರರ ದಾಖಲೆಗಳನ್ನು ನಾವು ಇಲ್ಲಿ ಮೂರು ಬಗೆಯಾಗಿ ವಿಂಗಡಿಸಿ ಪರಿಚಯಿಸುತ್ತಿದ್ದೇವೆ.

ಮೊದಲನೆಯದು ನಿರ್ವಿವಾದ ಸಾಧನೆಗಳು. ಚೆಂಡನ್ನು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪಿದರೆ ಅದು 'ಹಿಟ್'. ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮಾಜಿಯೋ 1941ರಲ್ಲಿ ಸತತ 56 ಪಂದ್ಯಗಳಲ್ಲಿ ಕನಿಷ್ಠ ಒಂದೊಂದು ಹಿಟ್ ಗಳಿಸಿದರು. ಆ ದಾಖಲೆ ಇಂದಿಗೂ ಅಚಲವಾಗಿದೆ. ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಕ್ಯಾಲ್ ರಿಪ್ಕೆನ್ 1982ರಿಂದ 1998ರವರೆಗೆ ಒಂದನ್ನೂ ತಪ್ಪಿಸದೆ 2,632 ಪಂದ್ಯಗಳನ್ನಾಡಿದರು. ಅವರಿಗೆ ಮುನ್ನ ಈ ಗೌರವ 2,130 ಪಂದ್ಯಗಳನ್ನಾಡಿದ್ದ ಲೂ ಗೆರಿಗ್ ಅವರದಾಗಿತ್ತು.

ಎರಡನೆಯ ಬಗೆ ಯಾರೂ ಬಯಸದ ದಾಖಲೆಗಳದು. ಇವು ಹೆಚ್ಚಾಗಿ ಮಹಾನ್ ಆಟಗಾರರ ಹೆಸರಿನಲ್ಲಿಯೇ ಇರುವುದು ಕುತೂಹಲಕಾರಿ. ಚೆಂಡೆಸೆಯುವ ಪಿಚರ್‌ನ ಲೆಕ್ಕಕ್ಕೆ ತಂಡದ ಗೆಲುವು ಸೋಲುಗಳು ಸೇರುವ ಪದ್ಧತಿ ಈ ಆಟದಲ್ಲಿದೆ. ಅತಿ ಹೆಚ್ಚು ಗೆಲುವುಗಳ ದಾಖಲೆ, ಅಂದರೆ 511, 1890ರಿಂದ 1911ರವರೆಗೆ ಆಡಿದ ಸೈ ಯಂಗ್ ಅವರದು. ಅತಿ ಹೆಚ್ಚು ಸೋಲುಗಳ ದಾಖಲೆಯೂ ಅವರದೇ: 315. ವರ್ಷದ ಶ್ರೇಷ್ಠ ಪಿಚರ್‌ಗೆ ನೀಡುವ ಪ್ರಶಸ್ತಿ ಇಂದು ಅವರ ಹೆಸರನ್ನೇ ಹೊತ್ತಿದೆ.

ವೇಗದ ಎಸೆತಕ್ಕೆ ಹೆಸರಾದ ನೋಲನ್ ರಯಾನ್ 5,714 ಬಾರಿ ಬ್ಯಾಟರ್‌ಗಳನ್ನು 'ಸ್ಟ್ರೈಕ್ ಔಟ್' ಮಾಡಿದರು. ನಾಲ್ಕು ಎಸೆತಗಳು ಗುರಿ ತಪ್ಪಿದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆಯಾಗಿ ಸಿಗುತ್ತದೆ. ಹಾಗೆ ಅತಿ ಹೆಚ್ಚು ಬಾರಿ, ಅಂದರೆ 2,795 ಸಲ, ಬಿಟ್ಟುಕೊಟ್ಟವರೂ ರಯಾನ್ ಅವರೇ. ಎರಡನೆಯ ಸ್ಥಾನದಲ್ಲಿರುವ ಸ್ಟೀವ್ ಕಾರ್ಲ್‌ಟನ್ ಅವರದು 1,833 ಮಾತ್ರ. ಪಿಚರ್ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದನ್ನು ಬೇಸ್ ಕದಿಯುವುದು ಎನ್ನುತ್ತಾರೆ. ರಿಕಿ ಹೆಂಡರ್ಸನ್ 1,406 ಬಾರಿ ಕದ್ದು ಅಗ್ರಸ್ಥಾನ ಪಡೆದರು. 335 ಬಾರಿ ಸಿಕ್ಕಿಬಿದ್ದು ಅದರಲ್ಲಿಯೂ ಅಗ್ರಸ್ಥಾನ ಪಡೆದರು.

ಇದರ ಕಾರಣ ಸರಳ. ದೀರ್ಘಕಾಲ ಆಡುವ, ಧೈರ್ಯವಾಗಿ ಪ್ರಯತ್ನಿಸುವ ಅವಕಾಶ ಸಮರ್ಥರಿಗಷ್ಟೇ ದೊರೆಯುತ್ತದೆ. ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆಯವರನ್ನೇ ನೋಡಿ. ಟೆಸ್ಟ್ ಕ್ರಿಕೆಟ್ಟಿನಲ್ಲಿ ಭಾರತದ ಪರ ಅತಿ ಹೆಚ್ಚು, ಅಂದರೆ 619 ವಿಕೆಟ್ ಪಡೆದವರು ಅವರು. ಭಾರತೀಯ ಬೌಲರ್‌ಗಳಲ್ಲಿ ಅತಿ ಹೆಚ್ಚು ರನ್ ಬಿಟ್ಟುಕೊಟ್ಟವರೂ ಅವರೇ. ಇದರಿಂದ ಅವರ ಹಿರಿಮೆ ಕುಂದಿಲ್ಲ.

ಮೂರನೆಯ ಬಗೆ, ಸಂಶಯದ ನೆರಳು ಬಿದ್ದ ದಾಖಲೆಗಳು. ಬೇಬ್ ರೂತ್ 1927ರಲ್ಲಿ ಒಂದೇ ಋತುವಿನಲ್ಲಿ 60 ಹೋಮ್ ರನ್ ಹೊಡೆದಿದ್ದರು. 1961ರಲ್ಲಿ ರೋಜರ್ ಮಾರಿಸ್ 61 ಹೊಡೆದಾಗ, ಋತುವಿನ ಪಂದ್ಯಗಳು 154ರಿಂದ 162ಕ್ಕೆ ಏರಿದ್ದುದನ್ನು ಮುಂದಿಟ್ಟು ಆಗಿನ ಕಮಿಷನರ್ ಫೋರ್ಡ್ ಫ್ರಿಕ್ ಇವೆರಡನ್ನೂ ಬೇರೆಬೇರೆಯಾಗಿ ನಮೂದಿಸಬೇಕೆಂದರು. ಈ ಭೇದ ತೊಲಗಿದ್ದು 1991ರಲ್ಲಿ. ಮಾರಿಸ್ ಅದಕ್ಕೆ ಆರು ವರ್ಷ ಮುನ್ನವೇ ತೀರಿಕೊಂಡಿದ್ದರು. ಯಾವ ತಪ್ಪನ್ನೂ ಮಾಡದವರಿಗೆ ಸಂದ ಕಳಂಕವಿದು.

ಮುಂದಿನ ಕಥೆ ಬೇರೆ. 1998ರಲ್ಲಿ ಮಾರ್ಕ್ ಮೆಕ್‌ಗ್ವಾಯರ್ 70 ಹೋಮ್ ರನ್ ಹೊಡೆದರು. ತಾವು ಸ್ಟೀರಾಯ್ಡ್ ಸೇವಿಸಿದ್ದುದನ್ನು 2010ರಲ್ಲಿ ಒಪ್ಪಿಕೊಂಡರು. 2001ರಲ್ಲಿ 73 ಹೊಡೆದು, 2007ರ ವೇಳೆಗೆ ಒಟ್ಟು 762ಕ್ಕೆ ತಲುಪಿದ ಬ್ಯಾರಿ ಬಾಂಡ್ಸ್ ಮೇಲೂ ಇದೇ ಆರೋಪವಿದೆ. ತಿಳಿದು ಸೇವಿಸಿಲ್ಲವೆಂಬುದು ಅವರ ನಿಲುವು. ಅಂಕಿಗಳು ಪುಸ್ತಕದಲ್ಲಿ ಉಳಿದಿವೆ. ಆದರೆ 2022ರವರೆಗೆ ಹತ್ತು ಬಾರಿ ನಡೆದ ಬರಹಗಾರರ ಮತದಾನದಲ್ಲಿ ಅವರಿಗೆ ಹಾಲ್ ಆಫ್ ಫೇಮ್ ಪ್ರವೇಶ ದೊರೆಯಲಿಲ್ಲ. 4,256 ಹಿಟ್‌ಗಳ ಸರದಾರ ಪೀಟ್ ರೋಸ್ ಪಣಕಟ್ಟಿದ ಕಾರಣಕ್ಕೆ 1989ರಲ್ಲಿ ಬಹಿಷ್ಕೃತರಾದರು. ಅನರ್ಹರ ಪಟ್ಟಿಯಿಂದ ಅವರ ಹೆಸರು ಹೊರಬಂದದ್ದು 2025ರಲ್ಲಿ, ಅವರು ತೀರಿಕೊಂಡ ಮರುವರ್ಷ.

ದಾಖಲೆಯ ಪುಸ್ತಕವೇ ಪಕ್ಷಪಾತಿಯಾಗಿದ್ದ ಕಾಲವೂ ಒಂದಿತ್ತು. 1947ರಲ್ಲಿ ಜಾಕಿ ರಾಬಿನ್ಸನ್ ಕಣಕ್ಕಿಳಿಯುವವರೆಗೆ ಅನೇಕ ದಶಕಗಳ ಕಾಲ ಕಪ್ಪು ವರ್ಣೀಯರಿಗೆ ಮೇಜರ್ ಲೀಗ್‌ನಲ್ಲಿ ಸ್ಥಾನವಿರಲಿಲ್ಲ. ಅವರು ನೀಗ್ರೋ ಲೀಗ್‌ಗಳಲ್ಲಿ ಆಡಿದರು. ಅವರ ಅಂಕಿಗಳು ಲೆಕ್ಕಕ್ಕೆ ಬರಲಿಲ್ಲ. 2024ರಲ್ಲಿ ಅವನ್ನು ಅಧಿಕೃತ ದಾಖಲೆಗೆ ಸೇರಿಸಲಾಯಿತು. ಆಗ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್ ಅವರ 0.367 ಎರಡನೆಯ ಸ್ಥಾನಕ್ಕಿಳಿದು, ಜಾಷ್ ಗಿಬ್ಸನ್ ಅವರ 0.372 ಮೊದಲನೆಯದಾಯಿತು. ಗಿಬ್ಸನ್ 1947ರ ಜನವರಿಯಲ್ಲಿ, ರಾಬಿನ್ಸನ್ ಕಣಕ್ಕಿಳಿಯುವ ಕೆಲವೇ ತಿಂಗಳು ಮುನ್ನ, ನಿಧನರಾಗಿದ್ದರು.

ಸೋಲಿನ ಅಂಕಿಗಳಿಂದ ಸೈ ಯಂಗ್ ಅವರ ಗೌರವ ಕುಗ್ಗಲಿಲ್ಲ. ಗೆಲುವಿನ ಅಂಕಿಗಳಿಂದಷ್ಟೇ ಬಾಂಡ್ಸ್ ಅವರಿಗೆ ಗೌರವ ದಕ್ಕಲಿಲ್ಲ. ಆದ್ದರಿಂದ ದಾಖಲೆಯೊಂದನ್ನು ಓದುವಾಗ ಅದು ಎಷ್ಟು ದೊಡ್ಡದು ಎಂಬುದರ ಜೊತೆಗೆ, ಹೇಗೆ ಬಂದಿತು ಮತ್ತು ಆಡುವ ಅವಕಾಶ ಯಾರಿಗಿತ್ತು ಎಂಬುದನ್ನೂ ಕೇಳಿಕೊಳ್ಳುವುದು ಉಚಿತವೆಂದು ನಾವು ಭಾವಿಸುತ್ತೇವೆ.