ರಾಜೇಂದ್ರ ವಿಲಾಸ: ಛಾಯಾಚಿತ್ರ ಮತ್ತು ಮೌಖಿಕ ನೆನಪು

ಮೈಸೂರಿನ ಅರಮನೆಗಳ ಚರಿತ್ರೆಯೆಂದರೆ ಕಟ್ಟಿಸಿದವರ ಚರಿತ್ರೆ ಎಂಬ ರೂಢಿ ನಮ್ಮಲ್ಲಿ ಬೇರೂರಿದೆ. ಬಾಗಿಲು ಮುಚ್ಚಿದ ಮೇಲಿನ ಕಾಲಕ್ಕೆ ಅದರಲ್ಲಿ ಎಡೆಯಿಲ್ಲ. ಚಾಮುಂಡಿಬೆಟ್ಟದ ಮೇಲಿನ ರಾಜೇಂದ್ರ ವಿಲಾಸ ಇದಕ್ಕೆ ತಕ್ಕ ನಿದರ್ಶನ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1930ರ ದಶಕದಲ್ಲಿ ಸಿದ್ಧವಾದ ಈ ಬೇಸಗೆಯ ಅರಮನೆ ಮುಂದೆ ಕೆಲಕಾಲ ಹೋಟೆಲಾಗಿ ನಡೆಯಿತು; ಮುಚ್ಚಿದ ಬಳಿಕ ಬಹುಕಾಲ ಬೀಗ ಬಿದ್ದೇ ಇತ್ತು. ಬೆಟ್ಟದ ಕೆಳಗೆ, 1921ರಲ್ಲಿ ಶಂಕುಸ್ಥಾಪನೆಯಾದ ಲಲಿತಮಹಲಾದರೋ 1974ರಲ್ಲಿ ಹೋಟೆಲಾಗಿ ಬಳಕೆಯಲ್ಲುಳಿಯಿತು.

ಪಾಳುಬಿದ್ದ ಹೋಟೆಲುಗಳ ಛಾಯಾಚಿತ್ರಗಳು ಗುಮ್ಮಟ, ಕಮಾನು, ಪಾಚಿಗಟ್ಟಿದ ಗೋಡೆಗಳತ್ತಲೇ ವಾಲುತ್ತವೆ. ಅಡುಗೆಮನೆ, ನೀರಿನ ತೊಟ್ಟಿ, ಕೆಲಸದವರು ಓಡಾಡಿದ ಹಿಂಬಾಗಿಲು ಚೌಕಟ್ಟಿನೊಳಗೆ ಬರುವುದು ಅಪರೂಪ. ಜಾನಪದ ಅಧ್ಯಯನಕ್ಕೆ ಬೇಕಾದುದು ಇವೇ. ಹಾಗೆಂದು ಆ ಚಿತ್ರಗಳನ್ನು ಹಗುರವಾಗಿ ಕಾಣಲಾಗದು: 2012ರಲ್ಲಿ ನಗರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮೃತಪಟ್ಟರು, ಅಂಥ ಕುಸಿತದ ನಂತರ ಹಳೆಯ ಚಿತ್ರಗಳೇ ಆಧಾರ. ಆದರೆ ದಿನಾಂಕವಿಲ್ಲದ, ಯಾವ ಕೋಣೆಯೆಂದು ಗುರುತಿಸದ ಚಿತ್ರ ಬರಿಯ ಅಲಂಕಾರ. ಚಿತ್ರವನ್ನು ಬೆಟ್ಟದ ಊರಿನ ಹಿರಿಯರ ಮುಂದಿಟ್ಟು, ಅಲ್ಲಿ ಯಾರು ಯಾವ ಕೆಲಸ ಮಾಡುತ್ತಿದ್ದರು, ಯಾವ ಕೋಣೆಯನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವ ಕಾರ್ಯ ಆ ತಲೆಮಾರು ಇರುವಾಗಲೇ ನಡೆಯಬೇಕಿದೆ.