ಪುದೀನ, ಲಿಂಬೆ, ರಮ್: ಮನೆಯಲ್ಲಿ ಮೊಹಿಟೊ ಸಿದ್ಧಪಡಿಸುವ ಬಗೆ

ಕ್ಯೂಬಾದ ರಾಜಧಾನಿ ಹವಾನಾದಲ್ಲಿ ಹೆಸರು ಪಡೆದು ಜಗತ್ತಿನಾದ್ಯಂತ ಹರಡಿದ ತಂಪು ಪಾನೀಯ ಮೊಹಿಟೊ. ರಮ್, ಲಿಂಬೆರಸ, ಸಕ್ಕರೆ, ಪುದೀನ ಮತ್ತು ಸೋಡಾ, ಇವಿಷ್ಟೇ ಅದರ ಮೂಲಸಾಮಗ್ರಿ. ಸ್ಪ್ಯಾನಿಷ್ ಭಾಷೆಯಲ್ಲಿ 'ಜೆ' ಅಕ್ಷರಕ್ಕೆ ಹಕಾರದ ಉಚ್ಚಾರಣೆ ಇರುವುದರಿಂದ 'ಮೊಹಿಟೊ' ಎಂಬುದೇ ಸರಿಯಾದ ರೂಪ. ನಮ್ಮ ಹೋಟೆಲುಗಳಲ್ಲಿ 'ಮೊಜಿಟೊ' ಎಂದು ಕೇಳಿದರೂ ಅದೇ ಮೇಜಿಗೆ ಬರುತ್ತದೆಯೆನ್ನಿ. ಬೆಂಗಳೂರು, ಹುಬ್ಬಳ್ಳಿಯ ಜ್ಯೂಸ್ ಅಂಗಡಿಗಳ ಫಲಕದಲ್ಲಿ ಕಾಣುವ 'ವರ್ಜಿನ್ ಮೊಹಿಟೊ' ಎಂದರೆ ರಮ್ ಇಲ್ಲದ ಮೊಹಿಟೊ.

ಇದರ ಹುಟ್ಟಿನ ಸುತ್ತ ಕಥೆಗಳು ಹಲವು. 1586ರಲ್ಲಿ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್‌ನ ಹಡಗಿನವರು ಕಾಯಿಲೆ ಬಿದ್ದಾಗ ಕಬ್ಬಿನ ಸಾರಾಯಿ, ಲಿಂಬೆ, ಪುದೀನ ಬೆರೆಸಿ ಕುಡಿದರೆಂಬುದು ಒಂದು. ಇದು ಕಥೆಯೇ ಹೊರತು ಚರಿತ್ರೆಯಲ್ಲ. ಲೇಖಕ ಹೆಮಿಂಗ್ವೇಯ ಹೆಸರನ್ನು ಇದಕ್ಕೆ ಅಂಟಿಸುವುದೂ ರೂಢಿಯಲ್ಲಿದೆಯಾದರೂ ಅದಕ್ಕೂ ಗಟ್ಟಿ ಪುರಾವೆಯಿಲ್ಲ. ಹವಾನಾದ ಸ್ಲಾಪಿ ಜೋಸ್ ಬಾರಿನ 1930ರ ದಶಕದ ಕೈಪಿಡಿಯಲ್ಲಿ ಇದರ ವಿಧಾನ ಅಚ್ಚಾಗಿತ್ತು. 1942ರಲ್ಲಿ ಆರಂಭವಾದ ಅಲ್ಲಿನ 'ಲಾ ಬೊದೆಗಿತಾ ದೆಲ್ ಮೆದಿಯೊ' ಎಂಬ ಹೋಟೆಲು ಮುಂದೆ ಮೊಹಿಟೊಗಾಗಿಯೇ ಪ್ರವಾಸಿಗರನ್ನು ಸೆಳೆಯಿತು.

ಹೆಸರು ಪರದೇಶದ್ದಾದರೂ ಸಾಮಗ್ರಿ ನಮಗೆ ಪರಕೀಯವಲ್ಲ. ಶಿಗ್ಗಾವಿ ತಾಲ್ಲೂಕಿನ ದುಂಡಸಿ, ತಡಸದ ಕಡೆಯ ಯಾವ ಸಂತೆಗೆ ಹೋದರೂ ಪುದೀನದ ಕಟ್ಟು, ಲಿಂಬೆಹಣ್ಣು ದೊರೆಯುತ್ತವೆ. ನಾವು ಬಳಸುವ ತೆಳುಸಿಪ್ಪೆಯ ಸಣ್ಣ ಲಿಂಬೆಯೂ ಕ್ಯೂಬಾದವರು ಹಿಂಡುವ ಲಿಂಬೆಯೂ ಒಂದೇ ಜಾತಿಯವು. ಏಷ್ಯಾದ ಈ ಹಣ್ಣು ಅರಬರ ಮೂಲಕ ಮೆಡಿಟರೇನಿಯನ್ ತೀರಕ್ಕೂ ಅಲ್ಲಿಂದ ಸ್ಪೇನಿನವರ ಮೂಲಕ ಕೆರಿಬಿಯನ್ ದ್ವೀಪಗಳಿಗೂ ತಲುಪಿತು. ಕಬ್ಬೂ ಹಾಗೆಯೇ ಪೂರ್ವದಿಂದ ಪಶ್ಚಿಮಕ್ಕೆ ಹೋದ ಬೆಳೆ. 1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಅದನ್ನು ಆ ದ್ವೀಪಗಳಿಗೆ ಒಯ್ದ.

ರಮ್ ಆಯ್ಕೆ

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನಿಂದ ಸಕ್ಕರೆಯನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದನ್ನು ಹುದುಗಿಸಿ ಭಟ್ಟಿ ಇಳಿಸಿದರೆ ರಮ್. ಹಾವೇರಿ ಜಿಲ್ಲೆಯವರಿಗೆ ಸಂಗೂರಿನ ಕಾರ್ಖಾನೆಯ ಕಾರಣದಿಂದ ಕಾಕಂಬಿಯ ವಾಸನೆ ಹೊಸದೇನಲ್ಲ. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಅಮೃತ್ ಡಿಸ್ಟಿಲರೀಸ್ ಈಚಿನ ವರ್ಷಗಳಲ್ಲಿ ಬೆಲ್ಲದಿಂದಲೇ ತಯಾರಿಸಿದ ರಮ್ಮನ್ನು 'ಬೆಲ್ಲ' ಎಂಬ ಕನ್ನಡದ ಹೆಸರಿನಲ್ಲಿಯೇ ಹೊರತಂದಿದೆ.

ಮೂಲ ಮೊಹಿಟೊಗೆ ಬೇಕಾದದ್ದು ಬಿಳಿ ರಮ್. 1862ರಲ್ಲಿ ಕ್ಯೂಬಾದ ಸ್ಯಾಂಟಿಯಾಗೊದಲ್ಲಿ ಆರಂಭವಾಗಿ, ಕ್ರಾಂತಿಯ ನಂತರ 1960ರಲ್ಲಿ ಅಲ್ಲಿಂದ ಕಾಲ್ತೆಗೆದ ಬಕಾರ್ಡಿ ಕಂಪನಿಯ ಹೆಸರು ಈ ಬಗೆಯಲ್ಲಿ ಮುಂಚೂಣಿಯಲ್ಲಿದೆ. ಆದರೆ ನಮ್ಮ ರಾಜ್ಯದಲ್ಲಿ ರಮ್ ಎಂದರೆ ಬಹುಮಂದಿಗೆ ಓಲ್ಡ್ ಮಂಕ್, ಹರ್ಕ್ಯುಲಿಸ್‌ನಂಥ ಕಪ್ಪು ರಮ್ಮೇ. ಅದರಿಂದಲೂ ಮೊಹಿಟೊ ಮಾಡಬಹುದು. ಬಣ್ಣ ಕಂದಾಗುತ್ತದೆ, ಸುಟ್ಟ ಸಕ್ಕರೆಯ ರುಚಿ ಮುಂದೆ ಬರುತ್ತದೆ. ಅದಕ್ಕೆ ಸಕ್ಕರೆಯನ್ನು ಅರ್ಧಕ್ಕಿಳಿಸಿ ಲಿಂಬೆಯನ್ನು ತುಸು ಹೆಚ್ಚಿಸಬೇಕು. ಬಿಳಿ ರಮ್ಮಿಗಾಗಿ ಊರೂರು ಅಲೆಯುವಷ್ಟರ ಅಗತ್ಯವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮಾಡುವ ವಿಧಾನ

ಅಂತರರಾಷ್ಟ್ರೀಯ ಬಾರ್‌ಟೆಂಡರ್ ಸಂಘದ ಅಳತೆಯಂತೆ ಒಂದು ಲೋಟಕ್ಕೆ 45 ಮಿ.ಲೀ. ರಮ್, 20 ಮಿ.ಲೀ. ಲಿಂಬೆರಸ, ಎರಡು ಚಹಾ ಚಮಚ ಸಕ್ಕರೆ, ಆರು ಕುಡಿ ಪುದೀನ ಮತ್ತು ಸೋಡಾ ಬೇಕು. ನಮ್ಮ ಸಣ್ಣ ಲಿಂಬೆಯಾದರೆ ಒಂದು ದೊಡ್ಡ ಹಣ್ಣು, ಇಲ್ಲವೇ ಎರಡು.

ಪುದೀನವನ್ನು ಉಪ್ಪುನೀರಿನಲ್ಲಿ ಅದ್ದಿಟ್ಟು, ಒಳ್ಳೆಯ ನೀರಿನಲ್ಲಿ ಎರಡು ಬಾರಿ ತೊಳೆದು ಬಟ್ಟೆಯ ಮೇಲೆ ಆರಿಸಿಕೊಳ್ಳಿ. ಬೇಯಿಸದೆ ಬಳಸುವ ಸೊಪ್ಪಾದ್ದರಿಂದ ಇಲ್ಲಿ ಆಲಸ್ಯ ಸಲ್ಲದು. ಐಸ್ ಕೂಡ ಕುಡಿಯುವ ನೀರಿನದೇ ಆಗಿರಬೇಕು. ದಪ್ಪ ತಳದ ಲೋಟದಲ್ಲಿ ಮೊದಲು ಸಕ್ಕರೆ, ಲಿಂಬೆರಸ ಹಾಕಿ ಪೂರ್ತಿ ಕರಗುವವರೆಗೆ ಕಲಕಿರಿ. ಈ ಕ್ರಮವನ್ನು ಬಹುಮಂದಿ ತಪ್ಪಿಸುತ್ತಾರೆ. ರಮ್ಮು, ಐಸು ಬಿದ್ದ ಮೇಲೆ ಸಕ್ಕರೆ ಸುಲಭವಾಗಿ ಕರಗದೆ ತಳದಲ್ಲಿ ಕುಳಿತುಬಿಡುತ್ತದೆ. ಸಮಪ್ರಮಾಣದ ನೀರು, ಸಕ್ಕರೆ ಕಾಯಿಸಿ ಆರಿಸಿದ ಪಾಕವಿದ್ದರೆ ಈ ತೊಂದರೆಯೇ ಇಲ್ಲ. ಕಪ್ಪು ರಮ್ಮಿಗೆ ಬೆಲ್ಲದ ಪಾಕ ಚೆನ್ನಾಗಿ ಒಗ್ಗುತ್ತದೆ.

ಅನಂತರ ಪುದೀನ. ಇಡೀ ಪಾನೀಯದ ಹಣೆಬರಹ ಇರುವುದೇ ಈ ಹಂತದಲ್ಲಿ. ಪುದೀನದ ಪರಿಮಳದ ಎಣ್ಣೆ ಎಲೆಯ ಮೇಲ್ಮೈಯಲ್ಲಿರುವ ಅತಿ ಸಣ್ಣ ಗ್ರಂಥಿಗಳಲ್ಲಿ ಇರುತ್ತದೆ. ಆ ಗ್ರಂಥಿಗಳು ಒಡೆಯಲು ಹಗುರವಾದ ಒತ್ತಡ ಸಾಕು. ಚಟ್ನಿಗೆ ಅರೆಯುವಂತೆ ಜಜ್ಜಿದರೆ ಎಲೆಯೊಳಗಿನ ಹಸಿರುರಸ ಹೊರಬಂದು ಕಹಿಯಾಗುತ್ತದೆ, ಚೂರುಗಳು ಹಲ್ಲಿಗೆ ಸಿಕ್ಕಿಕೊಳ್ಳುತ್ತವೆ. ಮಿಕ್ಸಿ, ಒರಳು ಎರಡೂ ಬೇಡ. ಲಟ್ಟಣಿಗೆಯ ತುದಿಯಿಂದ ನಾಲ್ಕೈದು ಬಾರಿ ಮೆಲ್ಲಗೆ ಒತ್ತಿ, ಘಮ ಮೂಗಿಗೆ ಬಂದೊಡನೆ ನಿಲ್ಲಿಸಿ. ತೆಳ್ಳನೆಯ ಗಾಜಿನ ಲೋಟ ಒಡೆಯುವ ಭಯವಿದ್ದರೆ ಸ್ಟೀಲ್ ಲೋಟದಲ್ಲಿ ಒತ್ತಿಕೊಂಡು ಗಾಜಿಗೆ ಸುರಿಯಬಹುದು.

ಈಗ ರಮ್ ಅಳೆದು ಹಾಕಿ, ಬಟ್ಟೆಯಲ್ಲಿ ಸುತ್ತಿ ಪುಡಿಮಾಡಿದ ಐಸನ್ನು ಮುಕ್ಕಾಲು ಲೋಟ ತುಂಬಿ, ಮೇಲೆ ತಣ್ಣಗಿನ ಸೋಡಾ ಸುರಿದು ತಳದಿಂದ ಒಮ್ಮೆ ಮಾತ್ರ ಎತ್ತಿ ಕಲಕಿರಿ. ಹೆಚ್ಚು ಕಲಕಿದರೆ ಸೋಡಾದ ಗುಳ್ಳೆ ಹೋಗುತ್ತದೆ. ಒಂದು ಪುದೀನ ಕುಡಿಯನ್ನು ಅಂಗೈಯಲ್ಲಿ ತಟ್ಟಿ ಮೇಲಿಟ್ಟರೆ ಮುಗಿಯಿತು.

ಅಳತೆಯ ಮಾತು

ರಮ್ಮನ್ನು ಕಣ್ಣಳತೆಯಲ್ಲಿ ಸುರಿಯಬಾರದೆಂಬುದಕ್ಕೆ ಕಾರಣವಿದೆ. ಸಿಹಿ, ಹುಳಿ, ಪುದೀನದ ತಂಪು ಮೂರೂ ಸೇರಿ ಮದ್ಯದ ಘಾಟನ್ನು ಮುಚ್ಚಿಬಿಡುತ್ತವೆ. ಕುಡಿಯುವವನಿಗೆ ಶರಬತ್ತಿನ ಭಾವನೆ. ಭಾರತದ ರಮ್ಮಿನಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರವಿರುತ್ತದೆ. 30 ಮಿ.ಲೀ.ನ ಒಂದು ಸಣ್ಣ ಪೆಗ್ ಎಂದರೆ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ, ಮೇಲೆ ಹೇಳಿದ ಒಂದು ಲೋಟ ಮೊಹಿಟೊದಲ್ಲಿ ಸುಮಾರು 15 ಗ್ರಾಂ. ಎರಡು ಲೋಟ ಕುಡಿದವರು ಅರ್ಧ ಕ್ವಾರ್ಟರ್ ಮುಗಿಸಿದಂತೆ. ಔಷಧದ ಬಾಟಲಿಯೊಡನೆ ಬರುವ ಗೆರೆ ಹಾಕಿದ ಸಣ್ಣ ಕಪ್ಪು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಾಹನ ಚಾಲಕರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿರುವುದು ಅಪರಾಧ. ದೇಹ ಸಣ್ಣದಾಗಿದ್ದರೆ ಒಂದೇ ಲೋಟವೂ ಆ ಮಿತಿಯನ್ನು ದಾಟಿಸಬಲ್ಲದು. ಮದ್ಯದ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಗರ್ಭಿಣಿಯರು, ಯಕೃತ್ತಿನ ಕಾಯಿಲೆಯವರು ರಮ್ಮಿನ ಲೋಟವನ್ನು ಮುಟ್ಟಬಾರದು. ನಿತ್ಯ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ದುಂಡಸಿಯ ಸೀಮೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದಾಗ ಅಲ್ಲಿ 1949ರ ಮುಂಬಯಿ ಪಾನನಿರೋಧ ಕಾಯ್ದೆ ಅನ್ವಯವಾಗಿತ್ತು. ಏಕೀಕರಣದ ನಂತರ, 1967ರಲ್ಲಿ ಮೈಸೂರು ರಾಜ್ಯ ಪಾನನಿರೋಧವನ್ನು ಸಡಿಲಿಸಿತು. ಸಾರಾಯಿ ಮಾರಾಟಕ್ಕೆ 2007ರ ಜುಲೈ 1ರಿಂದ ರಾಜ್ಯದಾದ್ಯಂತ ನಿಷೇಧವಿದೆ. ಪರವಾನಗಿ ಇರುವ ಅಂಗಡಿಯಿಂದ ತಂದ ರಮ್ಮನ್ನು ಮನೆಯಲ್ಲಿ ಬೆರೆಸಿ ಕುಡಿಯಬಹುದು. ಮನೆಯಲ್ಲಿ ಭಟ್ಟಿ ಇಳಿಸುವುದು ಶಿಕ್ಷಾರ್ಹ.

ನಾಲ್ಕಾರು ಜನ ಸೇರುವಲ್ಲಿ ಲಿಂಬೆರಸ, ಪಾಕ, ಒತ್ತಿದ ಪುದೀನವನ್ನು ಒಂದು ಜಗ್ಗಿನಲ್ಲಿ ರಮ್ ಇಲ್ಲದೆ ಸಿದ್ಧಪಡಿಸಿಟ್ಟು, ಬೇಕೆಂದವರ ಲೋಟಕ್ಕೆ ಮಾತ್ರ ರಮ್ಮನ್ನು ಅಳೆದು ಹಾಕುವುದು ಅನುಕೂಲ. ಕುಡಿಯದವರಿಗೆ, ಗಾಡಿ ಓಡಿಸಬೇಕಾದವರಿಗೆ, ಮಕ್ಕಳಿಗೆ ಅದೇ ಜಗ್ಗಿನಿಂದ ಸೋಡಾ ಬೆರೆಸಿ ಚಿಟಿಕೆ ಉಪ್ಪು ಹಾಕಿ ಕೊಡಬಹುದು. ಸೊಪ್ಪು ಬಿಡಿಸಿ ಉಳಿದ ಪುದೀನದ ದಂಟುಗಳನ್ನು ನೀರಿನಲ್ಲಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಬೇರು ಬಿಡುತ್ತವೆ. ಕುಂಡದಲ್ಲಿ ನೆಟ್ಟರೆ ಮುಂದಿನ ಸಲಕ್ಕೆ ಸೊಪ್ಪು ಕೊಳ್ಳಬೇಕಾಗಿಲ್ಲ.